ಕ್ಯಾಪ್ಟನ್ ಬರುವ ಮೊದಲು

ಚಂದ್ರಣ್ಣಾ,

ಅಪ್ಪಾಜಿ ಹೋದರು. ನಿನಗೆ ಮೊದಲು ತಿಳಿಸಬೇಕಾದದ್ದು ಇದು. ಈ ಬೇಸಿಗೆಯಲ್ಲಿ, ಅಜ್ಜಂಪುರದ ಮನೆಯಲ್ಲೇ, ಹೆಚ್ಚು ನರಳದೆ ಹೋದರು. ಮಠದ ಸ್ವಾಮಿಗಳು ಬಂದಿದ್ದರು. ಹೊಲದ ಮೂಲೆಯಲ್ಲಿ ನಿನ್ನ ಪಕ್ಕದಲ್ಲೇ ಮಣ್ಣು ಮಾಡಿದೆವು. ನಿಮ್ಮಿಬ್ಬರ ನಡುವೆ ಅವ್ವ ಒಂದಿಷ್ಟು ಜಾಗ ಬಿಡಿಸಿದ್ದಾಳೆ. ಯಾಕೆ ಎಂದು ಯಾರೂ ಕೇಳಲಿಲ್ಲ.

ನೀನು ಹೋದ ಮೇಲೆ ನಿನಗೆ ಒಂದು ಸಾಲೂ ಬರೆದಿರಲಿಲ್ಲ. ಏನಂತ ಬರೆಯಲಿ? ನೀನು ದೂರದ ಊರಿನಲ್ಲಿ ವಿಮಾನ ಕಲಿಯುತ್ತಿದ್ದಾಗ ನಾನು ಬರೆಯುತ್ತಿದ್ದ ಹಾಗೆ, ಎಣ್ಣೆ ಮಿಲ್ಲು ನಡೆಯುತ್ತಿದೆ, ಎಮ್ಮೆ ಕರು ಹಾಕಿದೆ, ಅವ್ವನ ಮೊಣಕಾಲು ನೋವು ಹಾಗೇ ಇದೆ ಅಂತಲೇ? ಇವತ್ತು ಭಾನುವಾರ. ತರೀಕೆರೆಯಲ್ಲಿ ನನ್ನ ಬಾಡಿಗೆ ಮನೆಯ ಕಿಟಕಿಯ ಹತ್ತಿರ ಮಕ್ಕಳ ಉತ್ತರಪತ್ರಿಕೆಗಳನ್ನು ಪಕ್ಕಕ್ಕೆ ಸರಿಸಿ ಕೂತಿದ್ದೇನೆ. ಹೌದು, ನಾನೀಗ ಮೇಡಂ. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತೇನೆ. ನಗಬೇಡ.

ನೀನು ಮೊದಲ ಸಲ ಜೀಪಿನಲ್ಲಿ ತರೀಕೆರೆಗೆ ಬಂದದ್ದು ಈ ಕಿಟಕಿಯಿಂದ ಕಾಣುವ ಬಸ್‌ಸ್ಟ್ಯಾಂಡಿಗೇ. ನೀನಿನ್ನೂ ಹೈಸ್ಕೂಲು. ಅತ್ತೆ ಮನೆಗೆ ಬಂದಿದ್ದ ನನ್ನನ್ನು ಕರೆದುಕೊಂಡು ಹೋಗಲು ಮಿಲ್ಲಿನ ಜೀಪನ್ನು ನೀನೇ ಓಡಿಸಿಕೊಂಡು ಬಂದಿದ್ದೆ. ಸ್ಟೇರಿಂಗಿನ ಮೇಲೆ ನಿನ್ನ ಹಣೆ, ಕಣ್ಣು ಅಷ್ಟೇ ಕಾಣುತ್ತಿದ್ದವು. ಪೊಲೀಸಿನವನು ಕೈ ಅಡ್ಡ ಹಿಡಿದ. ನೀನು ಅಪ್ಪಾಜಿಯ ಹೆಸರು ಹೇಳಿದೆ, ಅವನು ಕೈ ತೆಗೆದ. ಅಷ್ಟೇ. ಆ ಸಂಜೆ ಮಿಲ್ಲಿನ ಜಗಲಿಯಲ್ಲಿ ಹಿಂಡಿ ಕೊಳ್ಳಲು ಬಂದವರ ಮುಂದೆಲ್ಲ ಅಪ್ಪಾಜಿ ಹೇಳಿದ್ದೇ ಹೇಳಿದ್ದು: "ನಮ್ ಹುಡ್ಗ ಲೈಸೆನ್ಸ್ ಇಲ್ದೆ ತರೀಕೆರೆ ತನಕ ಹೋಗ್ಬಂದವ್ನೆ ಕಣ್ರೀ. ಒಂದ್ ಗೀರು ಬಿದ್ದಿಲ್ಲ." ಗೀರು ಬಿದ್ದಿಲ್ಲವೆಂದರೆ ಓಡಿಸಲು ಬರುತ್ತದೆ ಅಂತ. ನಮ್ಮ ಮನೆಯಲ್ಲಿ ಅದಕ್ಕಿಂತ ಬೇರೆ ಪರೀಕ್ಷೆ ಇರಲಿಲ್ಲ. ನೀನು ಕಂಬಕ್ಕೆ ಒರಗಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ನಿನ್ನ ಮುಖ ಆಗ ಹೇಗೆ ಹೊಳೆಯುತ್ತಿತ್ತು ಎಂದು ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಫ್ಲೈಯಿಂಗ್ ಕ್ಲಬ್ಬಿನಿಂದ ಮೊದಲ ರಜಕ್ಕೆ ಬಂದಾಗ ನೀನು ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತು, ಲಟ್ಟಣಿಗೆಯನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ತೋರಿಸಿದ್ದೆ. ಹಿಂದಕ್ಕೆ ಎಳೆದರೆ ಮೂಗು ಮೇಲೆ, ಮುಂದಕ್ಕೆ ತಳ್ಳಿದರೆ ಕೆಳಗೆ. ಅವ್ವ ರೊಟ್ಟಿ ತಟ್ಟುವುದನ್ನು ಬಿಟ್ಟು ನೋಡಿದಳು. "ಭಯ ಆಗಲ್ವೇನೋ?" ಎಂದು ಕೇಳಿದಳು. "ಕೆಳಗಡೆ ಇದ್ದಾಗ ಆಗುತ್ತೆ ಅವ್ವ, ಮೇಲ್ ಹೋದ್ಮೇಲೆ ಆಗಲ್ಲ" ಎಂದೆ. ಒಬ್ಬನೇ ಹಾರಿಸಿದ ಮೊದಲ ದಿನದ ಕಥೆಯನ್ನು ಎಷ್ಟು ಸಲ ಹೇಳಿಸಿದೆವು! ಪಕ್ಕದ ಸೀಟಿನಲ್ಲಿ ಸದಾ ಇರುತ್ತಿದ್ದ ನಿನ್ನ ಗುರು, ಕ್ಯಾಪ್ಟನ್ ಅಯ್ಯಪ್ಪ, ಅವತ್ತು ಇದ್ದಕ್ಕಿದ್ದಂತೆ ಬೆಲ್ಟ್ ಬಿಚ್ಚಿ ಕೆಳಗಿಳಿದು, "ಹೋಗು, ಒಂದು ಸುತ್ತು ಹಾಕಿ ಬಾ" ಎಂದು ಬಾಗಿಲು ಮುಚ್ಚಿದರಂತೆ. ಖಾಲಿ ಸೀಟನ್ನು ನೋಡಿ ನಿನಗೆ ಅಳು ಬಂದಿತಂತೆ. ಅದನ್ನು ನೀನು ಅಪ್ಪಾಜಿಗೆ ಹೇಳಲಿಲ್ಲ. ನನಗೆ ಮಾತ್ರ ಹೇಳಿದೆ.

ಮುಂದಿನ ರಜಕ್ಕೆ ಬಂದಾಗ ನೀನು ಸಪ್ಪಗಿದ್ದೆ. ಊಟಕ್ಕೆ ಕೂತಾಗ ಅಪ್ಪಾಜಿ ಲೈಸೆನ್ಸು ಯಾವಾಗ ಬರುತ್ತದೆ ಎಂದು ಕೇಳಿದರು. ಕ್ಯಾಪ್ಟನ್ ಇನ್ನೂ ಟೆಸ್ಟಿಗೆ ಕಳಿಸಿಲ್ಲ ಎಂದೆ. ಅಪ್ಪಾಜಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದರು.

"ಯಾಕಂತೆ? ಓಡ್ಸಕ್ಕೆ ಬರಲ್ವಂತಾ?"

"ಬರುತ್ತೆ ಅಂತಾರೆ. ನನ್ನ ಲ್ಯಾಂಡಿಂಗ್ ಇಡೀ ಕ್ಲಬ್ಬಿಗೇ ಚೆನ್ನಾಗಿದೆ ಅಂತ ಅವ್ರೇ ಹೇಳ್ತಾರೆ."

"ಮತ್ತೆ?"

ನೀನು ನಿಧಾನವಾಗಿ ಹೇಳಿದೆ. ಒಬ್ಬನೇ ಬೇರೊಂದು ಊರಿಗೆ ಹೋಗಿ ಬರುವ ಪಾಠವಿತ್ತು. ದಾರಿಯಲ್ಲಿ ಮಬ್ಬು ಕವಿದು ಮುಂದಿನದು ಸರಿಯಾಗಿ ಕಾಣಲಿಲ್ಲ. ವಾಪಸು ತಿರುಗಬೇಕಿತ್ತು. ಅಲ್ಲಿ ಕಾಯುತ್ತಿರುತ್ತಾರೆ ಎಂದು ನೀನು ಮುಂದೆ ಹೋದೆ. ಊರು ಸಿಕ್ಕಿತು, ಚೆನ್ನಾಗಿಯೇ ಇಳಿಸಿದೆ. ಕ್ಯಾಪ್ಟನ್ ಹೊಗಳುತ್ತಾರೆ ಅಂದುಕೊಂಡರೆ ಎಲ್ಲರ ಮುಂದೆ ರೇಗಿದರಂತೆ. "ತಲುಪಿದ್ದಕ್ಕೆ ಬೈದ್ರು ಅಪ್ಪಾಜಿ" ಎಂದೆ. ಆ ಮಾತು ಹೇಳುವಾಗ ನಿನಗೂ ಅದು ಅರ್ಥವಾಗಿರಲಿಲ್ಲ, ನಮಗಂತೂ ಆಗಲೇ ಇಲ್ಲ. ಅಪ್ಪಾಜಿ ಮೀಸೆಯಡಿ ನಕ್ಕು, "ಏನೋ ಬೇಕಾಗೈತೆ ಕಣೋ ಅವ್ನಿಗೆ. ಬಂದಾಗ ನೋಡ್ಕಳನ ಬಿಡು" ಎಂದರು. ಬೇರೆಯವರು ಯಾರಾದರೂ ಅವರ ಮಗನಿಗೆ 'ಇನ್ನೂ ಆಗಿಲ್ಲ' ಅಂದರೆ ಅದಕ್ಕೆ ಅಪ್ಪಾಜಿಗೆ ಹೊಳೆಯುತ್ತಿದ್ದ ಕಾರಣ ದುಡ್ಡೊಂದೇ.

ಕಡೂರಿನ ವಸ್ತುಪ್ರದರ್ಶನಕ್ಕೆ ನಿಮ್ಮ ವಿಮಾನ ಬಂದದ್ದು ತುರ್ತು ಪರಿಸ್ಥಿತಿ ಮುಗಿದ ಮರುವರ್ಷದ ಬೇಸಿಗೆಯಲ್ಲಿ. ಊರಾಚೆಯ ಬಯಲಿನಲ್ಲಿ ಕಲ್ಲು ಆಯ್ದು, ಸುಣ್ಣದ ಗೆರೆ ಎಳೆದು, ಬಿದಿರಿನ ಗಳಕ್ಕೆ ಗಾಳಿಯ ದಿಕ್ಕು ತೋರಿಸುವ ಚೀಲ ಕಟ್ಟಿದ್ದರು. ಟಿಕೆಟ್ ಕೊಂಡವರನ್ನು ಒಬ್ಬೊಬ್ಬರಂತೆ ಕೂರಿಸಿಕೊಂಡು ಕಡೂರಿನ ಮೇಲೆ ಒಂದು ಸುತ್ತು ಹಾಕಿಸುವುದು. ಪುಷ್ಪಕ ಎಂಬ ಹೆಸರಿನ ಎರಡೇ ಸೀಟಿನ ವಿಮಾನ, ಬಟ್ಟೆ ಬಿಗಿದ ರೆಕ್ಕೆಯದು. ಬೆರಳಿನಿಂದ ತಟ್ಟಿದರೆ ತಮಟೆಯ ಹಾಗೆ ಶಬ್ದ ಬರುತ್ತಿತ್ತು. ಹಾರಿಸುವವರು ಕ್ಯಾಪ್ಟನ್. ನೀನು ಜನರನ್ನು ಹತ್ತಿಸುವುದು, ಬೆಲ್ಟ್ ಕಟ್ಟುವುದು, ಇಳಿಸುವುದು. ಬಿಳಿ ಅಂಗಿ ಹಾಕಿಕೊಂಡು ನೀನು ವಿಮಾನದ ಪಕ್ಕ ಓಡಾಡುತ್ತಿದ್ದರೆ, ಹಗ್ಗದಾಚೆ ನಿಂತ ಅಜ್ಜಂಪುರ, ಶಿವನಿಯ ಜನವೆಲ್ಲ, "ಅಗೋ ನೋಡಪ್ಪಾ, ಎಣ್ಣೆ ಮಿಲ್ ಸಾಹುಕಾರ್ರ ಮಗ" ಎಂದು ಬೆರಳು ಮಾಡಿ ತೋರಿಸುತ್ತಿದ್ದರು. ಅಪ್ಪಾಜಿ ಹಗ್ಗದ ಈಚೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನೀನು ಹಾರಿಸುವುದು ಬಿಟ್ಟು ಜನರ ಸೊಂಟಕ್ಕೆ ಬೆಲ್ಟ್ ಕಟ್ಟುವುದನ್ನು ನೋಡಲಾರದೆ ಅವರು ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದರು.

ಎರಡನೆಯ ದಿನ ಬೆಳಗ್ಗೆ ನಿನಗೆ ಬುತ್ತಿ ತಂದುಕೊಟ್ಟವಳು ನಾನೇ. ಪೆಟ್ರೋಲಿನ ಡ್ರಮ್ಮು ಬೀರೂರು ಸ್ಟೇಷನ್ನಿನಲ್ಲಿ ಬಂದು ಕೂತಿದೆ, ಸಹಿ ಮಾಡಿ ಬಿಡಿಸಿಕೊಳ್ಳಬೇಕು ಎಂದು ಕ್ಯಾಪ್ಟನ್ ಜೀಪು ಹತ್ತುತ್ತಿದ್ದರು. ಒಂದು ಕಾಲು ಜೀಪಿನಲ್ಲಿಟ್ಟೇ ನಿನ್ನ ಕಡೆ ತಿರುಗಿದರು. "ಚಂದ್ರು, ನಾನು ಬರುವವರೆಗೂ ಆ ಸೀಟಿನಲ್ಲಿ ಯಾರೂ ಕೂರಬಾರದು. ಯಾರು ಹೇಳಿದರೂ" ಎಂದರು. ನೀನು "ಯೆಸ್ ಸರ್" ಎಂದೆ. ಬುತ್ತಿ ಹಿಡಿದು ಪಕ್ಕದಲ್ಲೇ ನಿಂತಿದ್ದ ನನ್ನ ಕಿವಿಗೂ ಅದು ಬಿತ್ತು.

ಡ್ರಮ್ಮು ಬಿಡಿಸಿಕೊಳ್ಳುವುದು ತಡವಾಯಿತೇನೋ. ಮಧ್ಯಾಹ್ನ ಊಟದ ಹೊತ್ತು ಕಳೆದರೂ ಕ್ಯಾಪ್ಟನ್ ಬರಲಿಲ್ಲ. ಟಿಕೆಟ್ ಹಿಡಿದ ಜನ ಗದ್ದಲ ಶುರು ಮಾಡಿದರು. ಪ್ರದರ್ಶನದ ಅಧ್ಯಕ್ಷರಾಗಿದ್ದ, ಕಡೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಅಪ್ಪಾಜಿಯ ಸ್ನೇಹಿತರೊಬ್ಬರು ಶಲ್ಯದಿಂದ ಬೆವರು ಒರೆಸಿಕೊಳ್ಳುತ್ತ ನಿನ್ನ ಹತ್ತಿರ ಬಂದರು.

"ಏನಪ್ಪಾ ಚಂದ್ರು, ಜನ ಬಿಸ್ಲಲ್ಲಿ ಬೇಯ್ತಾವ್ರೆ. ನೀನೂ ಪೈಲಟ್ಟೇ ಅಲ್ವಾ?"

"ಇನ್ನೂ ಲೈಸೆನ್ಸ್ ಬಂದಿಲ್ಲ ಸಾರ್. ಪ್ಯಾಸೆಂಜರ್ ಕೂರಿಸೋ ಹಂಗಿಲ್ಲ."

"ಕೂರಿಸೋ ಹಂಗಿಲ್ವೋ, ಇಲ್ಲಾ ಕೂರಿಸ್ಕಂಡ್ರೆ ಓಡ್ಸಕ್ಕೆ ಬರಲ್ವೋ?"

ಸುತ್ತ ಇದ್ದವರು ನಕ್ಕರು. ನೀನೂ ನಕ್ಕೆ. ಆದರೆ ಅಪ್ಪಾಜಿ ನಗಲಿಲ್ಲ. ಕುರ್ಚಿಯಿಂದ ಎದ್ದು ಬಂದು, "ಬರುತ್ತೆ ಕಣ್ರೀ. ನನ್ ಮಗನಿಗೆ ಬರುತ್ತೆ. ಲೇ ಚಂದ್ರು, ತೋರ್ಸೋ ಇವ್ರಿಗೆ" ಎಂದರು. ನೀನು ಬೀರೂರಿನ ರಸ್ತೆಯ ಕಡೆ ನೋಡಿದೆ. ಕ್ಲಬ್ಬಿನ ಮೆಕ್ಯಾನಿಕ್ಕು, ಕ್ಯಾಪ್ಟನ್ ಬರಲಿ ಎಂದು ಮೆಲ್ಲಗೆ ಅಂದ. ಅಧ್ಯಕ್ಷರು ಅವನನ್ನು ನೋಡಿದ ನೋಟಕ್ಕೆ ಅವನು ಹಿಂದೆ ಸರಿದ. ನೀನು ಮತ್ತೊಮ್ಮೆ ರಸ್ತೆ ನೋಡಿದೆ. ಆ ರಸ್ತೆಯಲ್ಲಿ ಆಗ ಒಂದು ಜೀಪು ಕಂಡಿದ್ದರೆ...

ಮೊದಲು ಅಧ್ಯಕ್ಷರ ಅಳಿಯನನ್ನು ಕೂರಿಸಿಕೊಂಡು ಹೋದೆ. ಒಂದು ಸುತ್ತು ಹಾಕಿ, ಬೆಣ್ಣೆಯ ಮೇಲೆ ಇಟ್ಟ ಹಾಗೆ ಇಳಿಸಿದೆ. ಜನ ಸಿಳ್ಳೆ ಹಾಕಿದರು. "ಕ್ಯಾಪ್ಟನ್‌ಗಿಂತ ಇವ್ನೇ ವಾಸಿ ಕಣ್ರೀ" ಅಂದರು. ಅವರಲ್ಲಿ ಅದುವರೆಗೆ ವಿಮಾನವನ್ನು ಹತ್ತಿರದಿಂದ ನೋಡಿದ್ದವರು ಎಷ್ಟು ಜನ? ಅವರು ನಿನಗೆ ಬರುತ್ತದೆ ಎಂದು ತೀರ್ಪು ಕೊಟ್ಟರು, ನಾನೂ ಅವರ ಜೊತೆ ಚಪ್ಪಾಳೆ ತಟ್ಟಿದೆ. ಎರಡನೆಯವರಾಗಿ ಬಟ್ಟೆ ಅಂಗಡಿಯವರೊಬ್ಬರು ಹೋಗಿ ಬಂದರು. ಆಮೇಲೆ ಅಪ್ಪಾಜಿ ನನ್ನ ಭುಜ ಹಿಡಿದು ಮುಂದೆ ತಳ್ಳಿದರು. "ಗಿರಿಜನ್ನ ಕರ್ಕಂಡ್ಹೋಗು. ದಾವಣಿ ಬಿಗಿಯಾಗಿ ಸಿಕ್ಕಿಸ್ಕಳೇ" ಎಂದರು. ನಾನು ಹತ್ತಿ ಕೂತ ಮೇಲೆ ನಿನ್ನ ಕಡೆಯ ಕಿಟಕಿಯ ಹತ್ತಿರ ಬಗ್ಗಿ, ಇನ್ನೊಂದು ಮಾತು ಸೇರಿಸಿದರು.

"ಅಜ್ಜಂಪುರದ ಮೇಲೊಂದು ಸುತ್ತು ಹಾಕ್ಕಂಡ್ ಬಾ. ನಿಮ್ಮವ್ವ ಮಾಳಿಗೆ ಮೇಲಿಂದ ನೋಡ್ಲಿ."

"ಅಷ್ಟು ದೂರ ಬೇಡ ಅಪ್ಪಾಜಿ."

"ರೈಲ್ ಹಳಿ ಮೇಲೆ ಹೋದ್ರೆ ನೆಟ್ಟಗೆ ಮನೆ ಮುಂದಕ್ಕೇ ಬತ್ತೀಯಲ್ಲೋ. ಹೋಗ್ಬಾ."

ನೀನು ಮೆಕ್ಯಾನಿಕ್ಕಿಗೆ ಕೈ ಮಾಡಿದೆ.

ನೆಲ ಬಿಟ್ಟ ಗಳಿಗೆ ನನಗೆ ಈಗಲೂ ನೆನಪಿದೆ. ಬೀರೂರಿನ ಸ್ಟೇಷನ್ನು, ಸಾಲಾಗಿ ನಿಂತ ಗೂಡ್ಸ್ ಡಬ್ಬಿಗಳು, ಕೆರೆಯಲ್ಲಿ ತಳ ಹಿಡಿದಿದ್ದ ನೀರು. ಅಲ್ಲೆಲ್ಲೋ ಕೆಳಗೆ ಕ್ಯಾಪ್ಟನ್ ತಲೆಯೆತ್ತಿ ನಮ್ಮನ್ನು ನೋಡಿದರಂತೆ. ಆಮೇಲೆ ಹೇಳಿದರು. ಡ್ರಮ್ಮನ್ನು ಏರಿಸುವುದನ್ನು ಹಾಗೇ ಬಿಟ್ಟು ಕಡೂರಿನ ಕಡೆ ಜೀಪು ಓಡಿಸಿದರಂತೆ. ನಮಗೇನು ಗೊತ್ತು? ನಾವು ನಗುತ್ತಿದ್ದೆವು. ನೀನು ಸಿಳ್ಳೆ ಹಾಕುತ್ತಿದ್ದೆ, ಇಂಜಿನ್ನಿನ ಸದ್ದಿನಲ್ಲಿ ಅದು ಕೇಳಿಸುತ್ತಿರಲಿಲ್ಲ, ತುಟಿ ಮಾತ್ರ ಕಾಣುತ್ತಿತ್ತು. ಅಜ್ಜಂಪುರ ಬಂದಾಗ ಮಿಲ್ಲಿನ ಚಿಮಣಿ, ಮನೆಯ ಮಾಳಿಗೆ, ಮಾಳಿಗೆಯ ಮೇಲೆ ಅವ್ವ. ಒಣಗಲು ಹಾಕಿದ್ದ ದುಪ್ಪಟಿ ಎಳೆದುಕೊಂಡು ಎರಡೂ ಕೈಯಿಂದ ಬೀಸುತ್ತಿದ್ದಳು. ನೀನು ರೆಕ್ಕೆ ಅಲ್ಲಾಡಿಸಿ ಅವ್ವನಿಗೆ ಉತ್ತರ ಕೊಟ್ಟೆ. ಇನ್ನೊಂದು ಸುತ್ತು ಹಾಕಿದೆ.

ಆ ದುಪ್ಪಟಿಯ ಸಂಗತಿ ನಿನಗೆ ಗೊತ್ತಿಲ್ಲ ಅಣ್ಣ. ನನಗೂ ಎಷ್ಟೋ ತಿಂಗಳ ಮೇಲೆ ಗೊತ್ತಾಯಿತು. ನಾನು ಹಾಸಿಗೆಯಲ್ಲಿದ್ದೆ, ಅವ್ವ ತಲೆ ಬಾಚುತ್ತಿದ್ದಳು. "ಖುಷಿಗೆ ಬೀಸ್ತಾಳೆ ಅನ್ಕಂಡ್ರೇನೇ ನೀವು? ತರೀಕೆರೆ ಗುಡ್ಡದ ಕಡೆಯಿಂದ ಕೆಂಪಗೆ ಧೂಳು ಎದ್ದಿತ್ತು ಕಣೇ. ಇಳೀರೋ, ಇಳೀರೋ ಅಂತ ಬೀಸ್ದೆ. ಅವ್ನು ಇನ್ನೊಂದ್ ಸುತ್ತು ಹಾಕ್ದ" ಎಂದಳು. ಬಾಚಣಿಗೆ ನನ್ನ ಕೂದಲಲ್ಲೇ ನಿಂತುಬಿಟ್ಟಿತ್ತು.

ವಾಪಸು ತಿರುಗಿದ ಸ್ವಲ್ಪ ಹೊತ್ತಿಗೆ ಬೆಳಕು ಕಂದಿತು. ಬಲಗಡೆ ಇದ್ದ ಗುಡ್ಡಗಳು ಧೂಳಿನಲ್ಲಿ ಕಾಣುತ್ತಿರಲಿಲ್ಲ. ಒಂದು ಗಾಳಿ ಬಂದು ನಮ್ಮನ್ನು ಎತ್ತಿ ಹಾಕಿತು, ನನ್ನ ತಲೆ ಮೇಲಿನ ಕಂಬಿಗೆ ಹೊಡೆಯಿತು. ನಿನ್ನ ಸಿಳ್ಳೆ ನಿಂತಿತು. ಕೆಳಗೆ ರೈಲು ಹಳಿ ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ. ನೀನು ನನ್ನ ಕಡೆ ನೋಡದೆಯೇ ಕೈ ಚಾಚಿ ನನ್ನ ಬೆಲ್ಟ್ ಎಳೆದು ಬಿಗಿ ಮಾಡಿದೆ. "ಕಡೂರು ತನಕ ಆಗಲ್ಲ. ಕಾವಲಿನಲ್ಲಿ ಇಳಿಸ್ತೀನಿ" ಎಂದು ಕೂಗಿದೆ. ದನ ಮೇಯಿಸುವ ಆ ಹುಲ್ಲುಗಾವಲು ನಮಗಿಬ್ಬರಿಗೂ ಚಿಕ್ಕಂದಿನಿಂದ ಗೊತ್ತಿದ್ದದ್ದು. ಒಂದು ಸಲ ತೀರಾ ಕೆಳಗೆ ಹೋಗಿ ದನ ಚದುರಿಸಿದೆ, ಮೇಲೆದ್ದು ತಿರುಗಿ ಗಾಳಿಗೆ ಎದುರಾಗಿ ಬಂದೆ. ಚಕ್ರ ನೆಲ ಮುಟ್ಟಿತು. ಮುಟ್ಟಿತು ಅಣ್ಣ, ನನಗೆ ಚೆನ್ನಾಗಿ ನೆನಪಿದೆ, ನಾನು ಉಸಿರು ಬಿಟ್ಟೆ. ಆಮೇಲೆ ಅಡ್ಡ ಬಂದ ಗಾಳಿ ನಮ್ಮನ್ನು ಪಕ್ಕಕ್ಕೆ ತಳ್ಳಿತು. ಎದುರಿಗೆ ಒಂದು ಜಾಲಿಯ ಮರ. ವಿಮಾನ ಗಿರಕ್ಕನೆ ಬಲಕ್ಕೆ ತಿರುಗಿತು, ನೀನು ಕೂತ ಪಕ್ಕ ಮರಕ್ಕೆ ಹೊಡೆಯಿತು.

ದನ ಕಾಯುವವರು ನನ್ನನ್ನು ಕಂಬಳಿಯಲ್ಲಿ ಹೊತ್ತರು. ನಿನ್ನನ್ನು ಹೊತ್ತದ್ದು ನಾನು ನೋಡಲಿಲ್ಲ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಸೊಂಟದವರೆಗೆ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದಾಗ, ಬಂದವರೆಲ್ಲ ಒಂದೇ ಕಥೆ ಹೇಳಿದರು: ತಂಗಿಯನ್ನು ಉಳಿಸಲು ಅಣ್ಣ ಬೇಕೆಂದೇ ತನ್ನ ಪಕ್ಕವನ್ನು ಮರಕ್ಕೆ ಕೊಟ್ಟ ಅಂತ. ಹೌದಾ? ನೀನು ಬೇಕೆಂದೇ ತಿರುಗಿಸಿದೆಯಾ? ನಾನು ನಿನ್ನ ಕೈ ನೋಡಲಿಲ್ಲ. ಮರವನ್ನು ನೋಡುತ್ತಿದ್ದೆ. ಆ ಕಥೆ ನಿಜವಾಗಿದ್ದರೆ ನಾನು ಹೇಗೆ ಬದುಕಲಿ, ಸುಳ್ಳಾಗಿದ್ದರೆ ಅವ್ವ ಹೇಗೆ...

ವಿಚಾರಣೆಗೆ ಅಧಿಕಾರಿಗಳು ಕಡೂರಿನ ಪ್ರವಾಸಿ ಮಂದಿರಕ್ಕೆ ಬಂದಾಗ ನಾನು ಊರುಗೋಲಿನಲ್ಲಿ ನಡೆಯುವಂತಾಗಿದ್ದೆ. ಹಿಂದಿನ ದಿನ ಅಧ್ಯಕ್ಷರು ಮನೆಗೆ ಬಂದು ನನ್ನ ಮಂಚದ ಪಕ್ಕ ಕೂತರು. "ನೋಡವ್ವ, ಹೋದವ್ನು ಹೋದ. ಅವ್ನ ಮರ್ಯಾದೆ ಉಳೀಬೇಕು. ಆ ಕ್ಯಾಪ್ಟನ್ನು ಹೋಗೋವಾಗ, ನೀನೇ ಹಾರಿಸ್ತಿರು ಅಂದು ಹೋದ್ರು ಅಂತ ಹೇಳು. ನೀನು ಅಲ್ಲೇ ಇದ್ದಲ್ಲ, ನಿನ್ ಮಾತು ನಡೀತದೆ." ಅಪ್ಪಾಜಿ ಬಾಗಿಲಲ್ಲಿ ನಿಂತಿದ್ದರು. ಹೇಳು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಅಧ್ಯಕ್ಷರು ಹೋದ ಮೇಲೂ ಅಲ್ಲೇ ನಿಂತಿದ್ದರು.

ಪ್ರವಾಸಿ ಮಂದಿರದ ಹಾಲಿನಲ್ಲಿ ಉದ್ದನೆಯ ಮೇಜು. ಒಂದು ಬದಿಗೆ ಕ್ಯಾಪ್ಟನ್ ಅಯ್ಯಪ್ಪ ಟೋಪಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಅಷ್ಟು ದಿನಗಳಲ್ಲಿ ಅವರಿಗೆ ವಯಸ್ಸಾಗಿಬಿಟ್ಟಿತ್ತು. ಅಧಿಕಾರಿ ನನ್ನನ್ನು ಗಾಳಿ, ಧೂಳು, ಎತ್ತರ ಎಲ್ಲವನ್ನೂ ಕೇಳಿದರು. ಆಮೇಲೆ, "ನಿಮ್ಮ ಅಣ್ಣನಿಗೆ ವಿಮಾನ ಹಾರಿಸಲು ಚೆನ್ನಾಗಿ ಬರುತ್ತಿತ್ತು ಅಂತ ನಿಮಗೆ ಅನ್ನಿಸಿತಾ?" ಎಂದರು. ವಿಮಾನ ಹತ್ತಿದ್ದೇ ಅವತ್ತು ನಾನು. ನನಗೇನು ಗೊತ್ತು ಸಾರ್ ಎಂದೆ. "ಕ್ಯಾಪ್ಟನ್ ಒಪ್ಪಿಗೆ ಕೊಟ್ಟಿದ್ದರಾ?" ಎಂದರು.

"ಇಲ್ಲ ಸಾರ್. ನಾನು ಬರೋವರೆಗೂ ಆ ಸೀಟಲ್ಲಿ ಯಾರೂ ಕೂರ್ಬಾರ್ದು, ಯಾರು ಹೇಳಿದ್ರೂ ಅಂದಿದ್ರು. ನಾನೇ ಕೇಳಿಸ್ಕಂಡಿದ್ದೀನಿ."

ಹಾಲಿನಲ್ಲಿ ಗುಸುಗುಸು ಎದ್ದಿತು. "ಹಾಗಾದರೆ ಯಾಕೆ ಹಾರಿಸಿದರು?"

"ಎಲ್ಲಾರೂ ಹೇಳಿದ್ರು ಸಾರ್."

"ಎಲ್ಲರೂ ಅಂದರೆ? ಹೆಸರು ಹೇಳಿ."

ನಾನು ಊರುಗೋಲಿನ ಹಿಡಿ ನೋಡುತ್ತ ನಿಂತೆ. ಅಧ್ಯಕ್ಷರು ಅಷ್ಟು ಹೊತ್ತಿಗೆ ಎದ್ದು ಹೊರಗೆ ಹೋಗಿದ್ದರು. ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಅಪ್ಪಾಜಿ ಎದ್ದು ನಿಂತಿದ್ದರು. ಪೇಟ ತೆಗೆದು ಕೈಯಲ್ಲಿ ಹಿಡಿದಿದ್ದರು. ಹೊರಗೆ ಅವರನ್ನು ಬರಿದಲೆಯಲ್ಲಿ ಯಾರೂ ನೋಡಿದ್ದಿಲ್ಲ.

"ನಾನು ಹೇಳ್ದೆ ಸ್ವಾಮಿ. ಅವ್ನು ಬೇಡ ಅಂದ. ಅಜ್ಜಂಪುರಕ್ಕೆ ಹೋಗ್ಬಾ ಅಂದೋನೂ ನಾನೇ. ಬರ್ಕಳ್ಳಿ."

ಬರೆದುಕೊಂಡರು. ತಪ್ಪು ನಿನ್ನದೆಂದೇ ತೀರ್ಮಾನವಾಯಿತು. ವಿಮಾನವನ್ನು ಬಿಟ್ಟು ಹೋದದ್ದಕ್ಕೆ ಕ್ಯಾಪ್ಟನ್‌ಗೂ ಛೀಮಾರಿ ಬಂತು. ಅವರು ಕ್ಲಬ್ಬು ಬಿಟ್ಟರು. ಅಪ್ಪಾಜಿಗೆ ಯಾರೂ ಏನೂ ಅನ್ನಲಿಲ್ಲ, ಅದೇ ಅವರಿಗೆ ಹೆಚ್ಚಾಯಿತು. ಜೀಪು ಮಾರಿದರು. ಊರಿನವರು ಕಾವಲಿನಲ್ಲಿ ನಿನ್ನ ಹೆಸರಿನ ಕಲ್ಲು ನಿಲ್ಲಿಸುತ್ತೇವೆ, ತಂಗಿಗೆ ಪ್ರಾಣ ಕೊಟ್ಟ ವೀರ ಎಂದು ಬರೆಸುತ್ತೇವೆ ಎಂದು ಬಂದಾಗ ಕೈಮುಗಿದು ಕಳಿಸಿದರು. ತರೀಕೆರೆ ಬಸ್ಸು ಹತ್ತುವಾಗ ಡ್ರೈವರನ್ನು, "ಲೈಸೆನ್ಸ್ ಐತೇನಪ್ಪಾ?" ಎಂದು ಕೇಳುವ ಅಭ್ಯಾಸ ಬಂತು. ಮೊದಮೊದಲು ಡ್ರೈವರುಗಳು ರೇಗುತ್ತಿದ್ದರು. ಯಾರೆಂದು ಗೊತ್ತಾದ ಮೇಲೆ ಸುಮ್ಮನೆ ಜೇಬಿನಿಂದ ತೆಗೆದು ತೋರಿಸುತ್ತಿದ್ದರು. ಹಿಂದಿನ ಸೀಟಿನಲ್ಲಿ ಹುಡುಗರು ನಗುತ್ತಿದ್ದರು. ಅಪ್ಪಾಜಿ ಲೈಸೆನ್ಸನ್ನು ಎರಡೂ ಕಡೆ ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟು, ಕೂರುತ್ತಿದ್ದರು. ನಾನು ಪಕ್ಕದಲ್ಲಿ ಕಿಟಕಿಯಾಚೆ ನೋಡುತ್ತಿದ್ದೆ.

ಕ್ಯಾಪ್ಟನ್ ಒಮ್ಮೆ ನಮ್ಮ ಮನೆಗೆ ಬಂದರು. ನಾನು ಕೆಲಸಕ್ಕೆ ಸೇರಿದ ವರ್ಷ. ಯಾರೂ ಕರೆದಿರಲಿಲ್ಲ. ಕೊಡಗಿನಲ್ಲಿ ಕಾಫಿ ತೋಟ ನೋಡಿಕೊಂಡಿದ್ದೇನೆ, ಈ ಕಡೆ ಬರುವುದಿತ್ತು ಎಂದರು. ಅಪ್ಪಾಜಿ ಅವರನ್ನು ಮಿಲ್ಲಿನ ಜಗಲಿಯಲ್ಲಿ ಕೂರಿಸಿ, ಎಷ್ಟೋ ಹೊತ್ತು ಮಳೆ ಬೆಳೆ ಮಾತಾಡಿದರು. ನಾನು ಕಾಫಿ ತಂದಿಟ್ಟ ಮೇಲೆ ಕೇಳಿದರು.

"ಕ್ಯಾಪ್ಟನ್ ಸಾಹೇಬ್ರೇ, ನಮ್ ಹುಡ್ಗನಿಗೆ ಬರ್ತಿತ್ತಾ?"

ಕ್ಯಾಪ್ಟನ್ ಲೋಟ ಕೆಳಗಿಟ್ಟರು. "ಅವನು ಇಳಿಸಿದ ಜಾಗ ನಾನು ಹೋಗಿ ನೋಡಿದೆ. ಆ ಗಾಳಿಯಲ್ಲಿ ಅಲ್ಲಿಯ ತನಕ ತಂದು ಚಕ್ರ ನೆಲಕ್ಕೆ ತಾಗಿಸೋದು ಸುಲಭ ಅಲ್ಲ. ನನಗೂ ಆಗ್ತಿತ್ತೋ ಇಲ್ಲವೋ. ಕೈ ಬರ್ತಿತ್ತು."

"ಮತ್ತೆ ಟೆಸ್ಟಿಗೆ ಯಾಕೆ ಕಳಿಸ್ಲಿಲ್ಲ?"

"ಯಾರ ಮಾತಿಗೂ ಬೇಡ ಅಂತ ಗಟ್ಟಿಯಾಗಿ ಹೇಳ್ತಿರಲಿಲ್ಲ ಅವನು. ಪಕ್ಕದಲ್ಲಿ ಜನ ಕೂತ ಮೇಲೆ ಅದೇ ದೊಡ್ಡ ವಿದ್ಯೆ. ಅದು ಬರೋ ತನಕ ಕಾಯೋಣ ಅಂತಿದ್ದೆ. ಬರ್ತಿತ್ತು. ಅವನಿಗೆ ವಯಸ್ಸೇ ಆಗಿರಲಿಲ್ಲವಲ್ಲ."

ಮರದ ಕಡೆ ವಿಮಾನವನ್ನು ನೀನೇ ತಿರುಗಿಸಿದ್ದಾ ಎಂದು ನಾನು ಕ್ಯಾಪ್ಟನ್ ಅವರನ್ನು ಕೇಳಿದೆ. ಅವರು ನನ್ನ ಕಾಲನ್ನು ನೋಡಿದರು. "ಗಾಳಿ ತಿರುಗಿಸಿರಬಹುದು. ಅವನೇ ತಿರುಗಿಸಿರಬಹುದು. ಹೇಳೋಕಾಗಲ್ಲಮ್ಮ. ನಾನು ಆ ಸೀಟಿನಲ್ಲಿ ಇರಲಿಲ್ಲ" ಎಂದರು. ಹೋಗುವಾಗ ಅಪ್ಪಾಜಿ ಅವರನ್ನು ಸ್ಟೇಷನ್ನಿನ ತನಕ ನಡೆದುಕೊಂಡು ಬಿಟ್ಟುಬಂದರು. ದಾರಿಯಲ್ಲಿ ಇಬ್ಬರೂ ಏನು ಮಾತಾಡಿದರೋ, ಮಾತಾಡಿದರೋ ಇಲ್ಲವೋ.

ಇನ್ನು ನನ್ನ ವಿಷಯ. ಎಡಗಾಲು ಸ್ವಲ್ಪ ಗಿಡ್ಡವಾಗಿದೆ. ನೋಡಲು ಬಂದ ಗಂಡುಗಳು ಕಾಫಿ ಕುಡಿದು ಹೋದರು. ಮೊದಲು ಅಳುತ್ತಿದ್ದೆ, ಈಗ ಇಲ್ಲ. ಅವ್ವ ಈಗಲೂ ಮಾಳಿಗೆ ಹತ್ತುವುದಿಲ್ಲ. ಬಟ್ಟೆಯನ್ನು ಹಿತ್ತಲಲ್ಲೇ ಒಣಗಿಸುತ್ತಾಳೆ. ಆಕಾಶದಲ್ಲಿ ಸದ್ದಾದರೆ ಒಳಗೆ ಹೋಗುತ್ತಾಳೆ. ಊರಿಗೆ ಟಿವಿ ಬಂದಿದೆ ಅಣ್ಣ. ಪಕ್ಕದ ಮನೆಯಲ್ಲಿ ಎಲ್ಲರೂ ಕೂತು ನೋಡುತ್ತಾರೆ. ಅದರಲ್ಲಿ ವಿಮಾನ ತೋರಿಸಿದರೂ ಅವ್ವ ಎದ್ದು ಬಂದುಬಿಡುತ್ತಾಳೆ.

ಅಪ್ಪಾಜಿ ಹೋಗುವುದಕ್ಕೆ ಕೆಲವು ದಿನ ಮುಂಚೆ, ಒಂದು ಬೆಳಗ್ಗೆ, ಜಗಲಿಯ ಬಿಸಿಲಿನಲ್ಲಿ ಮಂಚ ಹಾಕಿ ಅವರನ್ನು ಕೂರಿಸಿದ್ದೆ. ಬೇಸಿಗೆ ರಜ, ನಾನು ಮನೆಯಲ್ಲೇ ಇದ್ದೆ. ಅವರ ಕೈಯನ್ನು ನನ್ನ ಮಡಿಲಿನಲ್ಲಿ ಇಟ್ಟುಕೊಂಡು ಉಗುರು ಕತ್ತರಿಸುತ್ತಿದ್ದೆ. ಆ ಕೈ ಎಷ್ಟು ಹಗುರವಾಗಿತ್ತು ಗೊತ್ತಾ? ಇಷ್ಟು ವರ್ಷದಲ್ಲಿ ನಿನ್ನ ಕೊನೆಯ ಹೊತ್ತಿನ ಬಗ್ಗೆ ಅವರು ನನ್ನನ್ನು ಒಂದು ಮಾತೂ ಕೇಳಿದವರಲ್ಲ. ಅವತ್ತು ಇದ್ದಕ್ಕಿದ್ದಂತೆ ಕೇಳಿದರು.

"ಗಿರಿಜಾ, ಇಳಿಸೋವಾಗ ಅವ್ನು ಏನಾರ ಅಂದ್ನೇನೇ?"

ಅಧಿಕಾರಿಗಳು ಗಾಳಿ ಕೇಳಿದ್ದರು, ಎತ್ತರ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ಕೇಳದಿದ್ದರೆ ಸಾಕು ಎಂದು ನಾನೂ ಇದ್ದೆ. ಸುಳ್ಳು ಹೇಳಬಹುದಿತ್ತು. ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಅಂದ ಅಪ್ಪಾಜಿ."

"ಏನಂದ?"

"'ವಿಮಾನಕ್ಕೇನಾದ್ರೂ ಆದ್ರೆ ಅಪ್ಪಾಜಿ ಬೈತಾರೆ ಕಣೇ' ಅಂದ."

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಅಂಗಳದ ಕಡೆ ತಿರುಗಿದರು. ಮಿಲ್ಲಿನ ಸದ್ದು ಆ ಹೊತ್ತಿಗೆ ನಿಂತಿತ್ತು. ನಾನು ಏನೇನೋ ಹೇಳಲು ಹೋದೆ, ಅವರು ಕೇಳಿಸಿಕೊಳ್ಳಲಿಲ್ಲ. ಅತ್ತ ತಿರುಗಿಯೇ ಮಾತಾಡಿದರು. ನನ್ನೊಡನೆ ಅಲ್ಲ.

"ಬೈತಿರ್ಲಿಲ್ಲ ಕಣೋ."

ಆಮೇಲೆ ಹೊಲದಲ್ಲಿ ದೂರ ಇರುವವರನ್ನು ಕೂಗುವ ಹಾಗೆ, ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಇನ್ನೊಮ್ಮೆ ಹೇಳಿದರು: "ಚಂದ್ರೂ, ನಾನು ಬೈತಿರ್ಲಿಲ್ಲ ಕಣೋ." ಅವ್ವ ಒದ್ದೆ ಕೈಯಲ್ಲೇ ಒಳಗಿನಿಂದ ಬಂದು ಹೊಸ್ತಿಲ ಮೇಲೆ ನಿಂತಳು.

ನಿನಗೆ ಕೇಳಿಸಿತೋ ಇಲ್ಲವೋ ಎಂದು ಬರೆಯುತ್ತಿದ್ದೇನೆ.

ನಿನ್ನ ತಂಗಿ,
ಗಿರಿಜಾ